ನಿಮಗಿದು ಗೊತ್ತೇ? ನೆಮ್ಮದಿಯ ಬದುಕೂ ನಿಮ್ಮ ಹಕ್ಕೇ!

ನಲ್ಲಿಯಲ್ಲಿ ಒಳ್ಳೆಯ ನೀರು, ಮನೆ ಬಾಗಿಲ ತನಕ ದಾರಿ, ರಾತ್ರಿ ಕಣ್ತುಂಬ ನಿದ್ದೆ. ಇವೆಲ್ಲ ಯಾರೋ ದೊಡ್ಡವರು ಮನಸ್ಸು ಮಾಡಿ ಕೊಡುವ ಉಪಕಾರ ಅಂದುಕೊಂಡಿದ್ದೀರಾ? ಹಾಗಾದರೆ ಇವತ್ತಿನ ಅಂಕಣ ನಿಮಗಾಗಿಯೇ! ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಒಂದು ಸುತ್ತು ಹಾಕೋಣ. ನಡುನಡುವೆ ಸುಪ್ರೀಂ ಕೋರ್ಟಿನ ಬಾಗಿಲನ್ನೂ ಇಣುಕಿ ಬರೋಣ. ಹುಬ್ಬು ಮೇಲೇರಿದರೆ ಇಳಿಸುವ ಆತುರ ಬೇಡ, ಇನ್ನೊಂದು ಸಂಗತಿ ಬೆನ್ನ ಹಿಂದೆಯೇ ಇದೆ!

ಒಂದು ಸಾಲಿನ ಕರಾಮತ್ತು

ಸಂವಿಧಾನದ 21ನೇ ವಿಧಿ ಎಷ್ಟು ಉದ್ದವಿದೆ ಗೊತ್ತೇ? ಇಂಗ್ಲಿಷ್ ಮೂಲದಲ್ಲಿ ಬರೀ 18 ಪದ! ಕಾನೂನು ಹೇಳಿದ ಕ್ರಮದಲ್ಲಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎನ್ನುತ್ತದೆ, ಅಷ್ಟೇ. ನೀರು, ಗಾಳಿ, ರಸ್ತೆ, ಸೂರು ಎಂಬ ಮಾತೇ ಅದರಲ್ಲಿಲ್ಲ. ಆದರೂ ಇವೆಲ್ಲ ಹಕ್ಕುಗಳು ಹೊರಬಂದಿದ್ದು ಆ ಒಂದೇ ಸಾಲಿನಿಂದ!

'ಜೀವ' ಎಂದರೆ ಉಸಿರಾಡುವುದಷ್ಟೇ ಏನು? ಸೆರೆಯಲ್ಲಿದ್ದ ಮಹಿಳೆಯೊಬ್ಬರು ತಮ್ಮ ಮಗಳನ್ನೂ ವಕೀಲರನ್ನೂ ನೋಡಲು ಅವಕಾಶ ಕೇಳಿದರು. ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣ ಎಂದೇ ಅದು ಪ್ರಸಿದ್ಧ. 1981ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಬದುಕು ಅಂದರೆ ಘನತೆಯ ಬದುಕು. ಹೊಟ್ಟೆಗೆ, ಬಟ್ಟೆಗೆ, ಸೂರಿಗೆ ಕೊರತೆ ಇರಬಾರದು. ಓದು, ಬರಹ, ಅನಿಸಿದ್ದನ್ನು ಹೇಳುವ ಅವಕಾಶ, ನಾಲ್ಕು ಜನರೊಡನೆ ಬೆರೆಯುವ ಅವಕಾಶ ಕೂಡ ಅದರಲ್ಲೇ ಸೇರಿವೆ. ನೆಂಟರಿಷ್ಟರ ಜೊತೆ ಕೂತು ಹರಟುವುದಕ್ಕೂ ಸಂವಿಧಾನದ ಬೆಂಬಲ!

ದುಡಿಮೆಯ ನಡುವಿನ ಬಿಡುವಿನ ಬಗ್ಗೆ ಕೂಡ ನಮ್ಮ ಸಂವಿಧಾನ ಯೋಚಿಸಿದೆ, ಗೊತ್ತೇ? 43ನೇ ವಿಧಿ ಓದಿ ನೋಡಿ. ಕೆಲಸಗಾರರಿಗೆ ಬದುಕಲು ಸಾಕಾಗುವ ಕೂಲಿ ಸಿಗಬೇಕು, ಒಳ್ಳೆಯ ಜೀವನಮಟ್ಟ ಇರಬೇಕು, ಬಿಡುವನ್ನು ಪೂರ್ತಿಯಾಗಿ ಅನುಭವಿಸುವ ಅವಕಾಶ ಇರಬೇಕು. ಇಷ್ಟಕ್ಕೂ ಸರ್ಕಾರ ಶ್ರಮಿಸಬೇಕು ಎಂದು ಅದರಲ್ಲಿದೆ!

ಇನ್ನು 47ನೇ ವಿಧಿ. ಜನರ ಪೌಷ್ಟಿಕತೆ, ಜೀವನಮಟ್ಟ ಮತ್ತು ಆರೋಗ್ಯವನ್ನು ಮೇಲೆತ್ತುವುದು ಸರ್ಕಾರದ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದು ಎನ್ನುತ್ತದೆ ಅದು. ಈ ಎರಡು ವಿಧಿಗಳನ್ನೇ ಹಿಡಿದು ನೇರವಾಗಿ ಕೋರ್ಟಿಗೆ ಹೋಗಲಾಗದು ನಿಜ. ಆದರೆ ನ್ಯಾಯಾಧೀಶರು 21ನೇ ವಿಧಿಯ ಅರ್ಥ ಬಿಡಿಸುವಾಗ ಇಂಥ ವಿಧಿಗಳ ಬೆಳಕಿನಲ್ಲೇ ಬಿಡಿಸಿದ್ದಾರೆ!

ಇಡೀ ಜಗತ್ತಿಗೇ ಒಂದು ಹಕ್ಕುಪತ್ರ ಇದೆ ಗೊತ್ತೇ? 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆ. ಊಟ, ಬಟ್ಟೆ, ಮನೆ, ವೈದ್ಯೋಪಚಾರ ಸೇರಿದ ತಕ್ಕಮಟ್ಟಿನ ಜೀವನ ಎಲ್ಲರ ಹಕ್ಕು ಎನ್ನುತ್ತದೆ ಅದರ 25ನೇ ವಿಧಿ. ಮೊದಲ ವಿಧಿಯ ಕರಡಿನಲ್ಲಿ 'ಎಲ್ಲ ಪುರುಷರು' ಎಂಬರ್ಥದ ಮಾತಿತ್ತು. ಅದನ್ನು 'ಎಲ್ಲ ಮಾನವರು' ಎಂದು ಬದಲಿಸಲು ಪಟ್ಟು ಹಿಡಿದವರು ಯಾರು? ನಮ್ಮ ಭಾರತದ ಪ್ರತಿನಿಧಿ ಹಂಸಾ ಮೆಹ್ತಾ!

ನಾಲ್ಕು ತಾಲ್ಲೂಕು, ಒಂದು ನಂಟು

ಮಧುಗಿರಿ ಜಿಲ್ಲಾ ಕೇಂದ್ರವಲ್ಲ. ಆದರೂ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಜಿಲ್ಲೆಗಳ ಪಟ್ಟಿಯಲ್ಲಿ ಅದರ ಹೆಸರು ಬೇರೆಯಾಗಿಯೇ ಮಿಂಚುತ್ತದೆ! ಏಕೆಂದರೆ ಅದು ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ, ಶಾಲೆಗಳ ಲೆಕ್ಕದಲ್ಲಿ ಎರಡು. ಮಧುಗಿರಿಯ ಪಾಲಿಗೆ ಬಂದ ತಾಲ್ಲೂಕುಗಳು ಯಾವುವು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ!

ಕಂದಾಯ ಉಪವಿಭಾಗದಲ್ಲೂ ಇದೇ ನಾಲ್ಕು ತಾಲ್ಲೂಕುಗಳ ಕೂಟ. ಮಧುಗಿರಿಯನ್ನು ಪೂರ್ಣ ಜಿಲ್ಲೆ ಮಾಡಿ ಎಂಬ ಕೂಗು ಹಳೆಯದು. ಆಡಳಿತ ಮನೆಗೆ ಹತ್ತಿರವಾದಷ್ಟೂ ಕೆಲಸ ಬೇಗ ಆಗುತ್ತದೆ ಎಂಬ ಆಸೆ ಈ ಕಡೆಯ ಜನರದು. ಪಾವಗಡದವರನ್ನೇ ಕೇಳಿ ನೋಡಿ!

ಅದೇ ಪಾವಗಡದ ನಕ್ಷೆ ಒಮ್ಮೆ ನೋಡಿದ್ದೀರಾ? ಸುತ್ತ ಬಹುಪಾಲು ಆಂಧ್ರಪ್ರದೇಶ! ತುಮಕೂರಿಗೆ ಹೋಗಲು ನಡುವೆ ಆಂಧ್ರದ ಮಣ್ಣು ತುಳಿಯುವ ದಾರಿಗಳೂ ಇವೆ. ಮನೆಮಾತು ಹಲವರಿಗೆ ತೆಲುಗು, ಕಚೇರಿಯ ಅರ್ಜಿ ಕನ್ನಡದಲ್ಲಿ. ಎರಡು ನುಡಿಯಲ್ಲೂ ಹಕ್ಕು ಕೇಳಬಲ್ಲ ಜನ ಇವರು!

ಬದುಕಿನ ಗುಣಮಟ್ಟವನ್ನು ಅಳೆಯುವುದು ಸಾಧ್ಯವೇ? ಸಾಧ್ಯ ಎಂದು ತೋರಿಸಿದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರಲ್ಲಿ ವರದಿ ಕೊಟ್ಟ ಈ ಸಮಿತಿ 35 ಅಂಶಗಳನ್ನು ಒರೆಗೆ ಹಚ್ಚಿತು. ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಪಟ್ಟಿ ಮಾಡಿತು. ಅವುಗಳಲ್ಲೂ 39 ಅತ್ಯಂತ ಹಿಂದುಳಿದವು. ನಮ್ಮ ನಾಲ್ಕೂ ತಾಲ್ಲೂಕುಗಳ ಹೆಸರು ಆ ಹಿಂದುಳಿದ ಪಟ್ಟಿಯಲ್ಲಿತ್ತು. ಕೊರತೆ ಇದೆ ಎಂದು ಸರ್ಕಾರದ ಸಮಿತಿಯೇ ಅಂಕಿ ಸಮೇತ ಬರೆದುಕೊಟ್ಟ ಮೇಲೆ ಕೇಳಲು ಸಂಕೋಚವೇಕೆ!

ಹಿಂದುಳಿದ ಶಿರಾ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು ಅಂದರೆ ನಂಬುತ್ತೀರಾ? 1687ರ ನಂತರ ಮೊಘಲರ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರ ಇದೇ ಶಿರಾ! ಇಲ್ಲಿನ ಖಾನ್ ಬಾಗ್ ತೋಟವೇ ಬೆಂಗಳೂರಿನ ಲಾಲ್‌ಬಾಗ್‌ಗೆ ಮಾದರಿಯಾಯಿತು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಬೆಂಗಳೂರಿಗೆ ಹಸಿರು ಪಾಠ ಹೇಳಿದ್ದು ಬಯಲುಸೀಮೆಯ ಶಿರಾ!

ನೀರಿನ ಮಾತು

ಒಂದೇ ಬೆಟ್ಟ, ಎರಡು ದಿಕ್ಕಿನ ನದಿಗಳು! ತುಮಕೂರಿನ ದೇವರಾಯನದುರ್ಗದಲ್ಲಿ ಜಯಮಂಗಲಿಯೂ ಹುಟ್ಟುತ್ತದೆ, ಶಿಂಷಾ ನದಿಯೂ ಹುಟ್ಟುತ್ತದೆ. ಶಿಂಷಾ ದಕ್ಷಿಣಕ್ಕೆ ಓಡಿ ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿಗಳನ್ನು ದಾಟಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೋದವರು ನೋಡುವ ತೀತಾ ಜಲಾಶಯ ಈ ಜಯಮಂಗಲಿಯದೇ!

ಉತ್ತರ ಪಿನಾಕಿನಿಯ ಪಯಣ ಇನ್ನೂ ಮಜವಾಗಿದೆ. ನಂದಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ ಆಂಧ್ರಕ್ಕೆ ಹೋಗುತ್ತದೆ. ಮತ್ತೆ ಕರ್ನಾಟಕಕ್ಕೆ ಬಂದು ಪಾವಗಡದ ನಾಗಲಮಡಿಕೆ ಮುಟ್ಟುತ್ತದೆ. ಮತ್ತೆ ಆಂಧ್ರ! ಗಡಿಯ ಗೊಡವೆಯೇ ಇಲ್ಲದ ನದಿ!

ಕುಡಿಯುವ ನೀರಲ್ಲಿ ಕಣ್ಣಿಗೆ ಕಾಣದ, ನಾಲಿಗೆಗೂ ತಿಳಿಯದ ಕಳ್ಳನೊಬ್ಬ ಇರುತ್ತಾನೆ. ಹೆಸರು ಫ್ಲೋರೈಡ್. ಬಂಡೆಗಳಿಂದ ಕರಗಿ ಅಂತರ್ಜಲ ಸೇರುವ ಇದು ಪಾವಗಡದ ಕೊಳವೆಬಾವಿಗಳ ಹಳೆಯ ಪಿಡುಗು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅಪಾಯ. ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬರುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಸೆಟೆದುಕೊಳ್ಳುತ್ತವೆ. ಒಂದು ಬಿಂದಿಗೆ ನೀರಿನಲ್ಲಿ ಬದುಕಿನ ಗುಣಮಟ್ಟವೇ ಅಡಗಿ ಕೂತಿದೆ ನೋಡಿ!

ನೀರನ್ನು ಚೆನ್ನಾಗಿ ಕುದಿಸಿದರೆ ಸರಿಹೋಗುತ್ತದೆ ಅಂತೀರಾ? ಇಲ್ಲೇ ಇರುವುದು ಅಚ್ಚರಿ! ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ! ಅದಕ್ಕೇ ಊರೂರಲ್ಲಿ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ, ಕ್ಯಾನ್ ಹಿಡಿಯಿರಿ. ಘಟಕ ಕೆಟ್ಟು ನಿಂತಿದ್ದರೆ ಸುಮ್ಮನಿರಬೇಡಿ. ಪಂಚಾಯಿತಿಯನ್ನು ಕೇಳಿ!

ಶುದ್ಧ ನೀರು, ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸಾರಿತು. ಬಿಹಾರದ ಸುಭಾಷ್ ಕುಮಾರ್ ಪ್ರಕರಣ ಅದು. ಅರ್ಜಿ ಹಾಕಿದವರ ಗತಿ ಏನಾಯಿತು ಗೊತ್ತೇ? ಅರ್ಜಿ ವಜಾ! ಆದರೆ ತೀರ್ಪಿನಲ್ಲಿ ಬಂದ ಆ ಮಾತು ಉಳಿಯಿತು. ಕೇಸು ಸೋತಿತು, ದೇಶಕ್ಕೇ ಒಂದು ಹಕ್ಕು ಸಿಕ್ಕಿತು!

ನೀರು ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ್ದು ಯಾವಾಗ? 2010ರ ಜುಲೈ 28ರಂದು. ಪರವಾಗಿ 122 ದೇಶಗಳು, ವಿರುದ್ಧ ಒಂದೂ ಇಲ್ಲ! ಭಾರತದ ಮತವೂ ಪರವಾಗಿಯೇ ಬಿತ್ತು.

ಹಳ್ಳಿಯ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ ಎಷ್ಟು ನೀರು ಸಿಗಬೇಕು? 55 ಲೀಟರ್! ಇದು 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ಹಾಕಿಕೊಂಡ ಅಳತೆ. ನಮ್ಮಲ್ಲಿ ಅದರ ಹೆಸರು 'ಮನೆ ಮನೆಗೆ ಗಂಗೆ'. ಐದು ಜನರ ಮನೆಗೆ 275 ಲೀಟರ್. ನಿಮ್ಮ ಬಿಂದಿಗೆಗಳನ್ನು ಈಗಲೇ ಎಣಿಸಿ!

ಶಿರಾದ ಕೆರೆಯಲ್ಲಿ ಮಲೆನಾಡಿನ ನೀರು! ಹೇಮಾವತಿ ಹುಟ್ಟುವುದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ. ಅಣೆಕಟ್ಟೆ ಇರುವುದು ಹಾಸನದ ಗೊರೂರಿನಲ್ಲಿ. ಅಲ್ಲಿಂದ ನಾಲೆ ಹಿಡಿದು ಬಂದ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳನ್ನು ಮುಟ್ಟುತ್ತದೆ. ಮದಲೂರು ಕೆರೆಗೂ ಆ ನೀರು ಬರಲಿ ಎಂಬ ಬೇಡಿಕೆ 2020ರ ಶಿರಾ ಉಪಚುನಾವಣೆಯ ದೊಡ್ಡ ವಿಷಯವಾಗಿತ್ತು. ಒಂದು ಕೆರೆ ಇಡೀ ಚುನಾವಣೆಯ ಬಾಯಲ್ಲಿ!

ಪಾವಗಡದ ದಾಹಕ್ಕೆ ನೀರು ಎಲ್ಲಿಂದ? ತುಂಗಭದ್ರಾ ಜಲಾಶಯದ ಹಿನ್ನೀರಿನಿಂದ! ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರಿನಂಥ ಒಣಸೀಮೆಗೆ ಕೊಳವೆಯಲ್ಲಿ ನೀರು ತರುವ ಬಹುಗ್ರಾಮ ಯೋಜನೆ ಇದು. ಫ್ಲೋರೈಡ್ ನೀರಿಗೆ ನದಿಯ ನೀರೇ ಉತ್ತರ!

ಪಡುವಣ ಕಡಲಿಗೆ ಹೊರಟ ಹಳ್ಳಗಳನ್ನು ಮೂಡಣಕ್ಕೆ ತಿರುಗಿಸುವುದುಂಟೇ? ಎತ್ತಿನಹೊಳೆ ಯೋಜನೆ ಮಾಡಹೊರಟಿರುವುದು ಅದನ್ನೇ. ಸಕಲೇಶಪುರದ ಕಡೆಯಿಂದ ನೀರೆತ್ತುವ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಆ ಯೋಜನೆಯ ನಕ್ಷೆಯಲ್ಲಿ ಕೊರಟಗೆರೆ ತಾಲ್ಲೂಕಿನ ಭೈರಗೊಂಡ್ಲು ಬಳಿ ಒಂದು ಜಲಾಶಯವಿದೆ!

ಒಬ್ಬ ಮಂತ್ರಿಗೆ ಜನ 'ನೀರ್ ಸಾಬ್' ಎಂದು ಹೆಸರಿಟ್ಟರು, ಗೊತ್ತೇ? ಅವರು ಅಬ್ದುಲ್ ನಜೀರ್ ಸಾಬ್. 1980ರ ದಶಕದಲ್ಲಿ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿದ ಗ್ರಾಮೀಣಾಭಿವೃದ್ಧಿ ಸಚಿವರು. ಕುಡಿಯುವ ನೀರು ಕೊಟ್ಟವರ ಹೆಸರಿಗೇ ನೀರು ಸೇರಿಕೊಂಡಿತು!

ಬಿಸಿಲಿಗೂ ಬಾಡಿಗೆ!

ಮಳೆ ಕೈಕೊಟ್ಟ ನೆಲದಲ್ಲಿ ಬಿಸಿಲೇ ಬೆಳೆ! ಪಾವಗಡದ 'ಶಕ್ತಿ ಸ್ಥಳ' ಸೌರ ಪಾರ್ಕ್ ಹರಡಿರುವುದು ಸುಮಾರು 13,000 ಎಕರೆಯಲ್ಲಿ. ಸಾಮರ್ಥ್ಯ 2,050 ಮೆಗಾವಾಟ್. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ನೆಲ ಅದು. ಉದ್ಘಾಟನೆಯಾದದ್ದು 2018ರ ಮಾರ್ಚ್ 1ರಂದು.

ಅಷ್ಟೊಂದು ಜಮೀನನ್ನು ಸರ್ಕಾರ ಕೊಂಡುಕೊಂಡಿತೇ? ಇಲ್ಲ! ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತರ ಹೆಸರು ಹಾಗೇ ಉಳಿಯಿತು!

ಆದರೆ ಜಮೀನೇ ಇಲ್ಲದವರು? ಇದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಬರಲಿಲ್ಲ, ಹೊಲದ ಕೂಲಿಯೂ ಹೋಯಿತು. ಇಲ್ಲಿ ನೆನಪಿಡಬೇಕಾದದ್ದು 1985ರ ಓಲ್ಗಾ ಟೆಲಿಸ್ ತೀರ್ಪು. ಮುಂಬಯಿಯ ಪಾದಚಾರಿ ಮಾರ್ಗದಲ್ಲಿ ಬದುಕುತ್ತಿದ್ದವರ ಪ್ರಕರಣ ಅದು. ಹೊಟ್ಟೆಪಾಡಿನ ದಾರಿ ಕಿತ್ತುಕೊಳ್ಳುವುದು ಬದುಕನ್ನೇ ಕಿತ್ತುಕೊಂಡಂತೆ ಎಂದಿತು ಸುಪ್ರೀಂ ಕೋರ್ಟ್. ದುಡಿಮೆಯೂ ಬದುಕುವ ಹಕ್ಕಿನ ಒಳಗೇ ಇದೆ!

ಹಕ್ಕಿಯೊಂದರ ಕೇಸಿನಿಂದ ಮನುಷ್ಯರಿಗೆ ಹೊಸ ಹಕ್ಕು ಸಿಕ್ಕಿದ್ದು ಗೊತ್ತೇ? ರಾಜಸ್ಥಾನ, ಗುಜರಾತಿನಲ್ಲಿ ಎರೆಭೂತ ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸಾಯುತ್ತಿದ್ದವು. ತಂತಿಗಳನ್ನು ನೆಲದಡಿ ಹಾಕಿದರೆ ಸೌರವಿದ್ಯುತ್ತಿನ ಗತಿ ಏನು ಎಂಬ ಪ್ರಶ್ನೆ ಎದ್ದಿತು. 2024ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಹವಾಮಾನ ಬದಲಾವಣೆಯ ಕೆಡುಕಿನಿಂದ ರಕ್ಷಣೆ ಪಡೆಯುವುದೂ ಜನರ ಹಕ್ಕು. ಬರವನ್ನೇ ಕಂಡು ಬೆಳೆದ ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ತೀರ್ಪು ಇನ್ನೊಂದಿದೆಯೇ!

ದಾರಿ, ಚರಂಡಿ, ನಿದ್ದೆ

'ಬದುಕಿನ ಗುಣಮಟ್ಟ' ಎಂಬ ಮಾತು ಒಂದು ರಸ್ತೆಯ ಕೇಸಿನಲ್ಲಿ ಬಂತು! ಹಿಮಾಚಲದ ಗುಡ್ಡಗಾಡಿನ ಬಡ ಜನ ತಮ್ಮೂರಿಗೆ ರಸ್ತೆ ಬೇಕೆಂದು ಹೈಕೋರ್ಟಿಗೆ ಪತ್ರ ಬರೆದರು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1986ರ ಉಮೇದ್ ರಾಮ್ ಶರ್ಮಾ ತೀರ್ಪು ಹೇಳಿತು: ಜೀವದ ಹಕ್ಕಿನಲ್ಲಿ ಜೀವನದ ಗುಣಮಟ್ಟವೂ ಸೇರಿದೆ, ಗುಡ್ಡದ ಜನರಿಗೆ ರಸ್ತೆಯೇ ಬದುಕಿನ ದಾರಿ. ಒಂದು ಕಾಗದ ಎಷ್ಟು ದೂರ ನಡೆಯಿತು ನೋಡಿ!

ರೈಲಿನ ಕಥೆ ಕೇಳಿ. ತುಮಕೂರು–ರಾಯದುರ್ಗ ಮಾರ್ಗ 207 ಕಿಲೋಮೀಟರ್. ಕೊರಟಗೆರೆ, ಮಧುಗಿರಿ, ಪಾವಗಡ ಮೂರೂ ಈ ದಾರಿಯಲ್ಲಿವೆ. ಮಂಜೂರಾದದ್ದು 2007–08ರಲ್ಲಿ. ಹತ್ತು ವರ್ಷ ಕಳೆದರೂ ಈ ಮೂರು ಊರಲ್ಲಿ ರೈಲು ಕೂಗಿರಲಿಲ್ಲ! ಶಿರಾ ಮೂಲಕ ದಾವಣಗೆರೆಗೆ ಇನ್ನೊಂದು ಮಾರ್ಗ ಮಂಜೂರಾಗಿದೆ. ಹೆದ್ದಾರಿಯಲ್ಲಿ ಹಗಲೂ ರಾತ್ರಿ ಲಾರಿ ಹರಿಯುವ ಶಿರಾ ಕೂಡ ರೈಲಿಗೆ ಕಾದ ಊರೇ!

ಚರಂಡಿ ಕಟ್ಟಲು ದುಡ್ಡಿಲ್ಲ ಎಂದು ಪುರಸಭೆ ಕೈ ಚೆಲ್ಲಬಹುದೇ? ಆಗದು! ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಕೊಳಚೆಯ ನಾತ ತಾಳಲಾರದೆ ನಿವಾಸಿಗಳು ಮ್ಯಾಜಿಸ್ಟ್ರೇಟರ ಬಳಿ ಹೋದರು. 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಹಣವಿಲ್ಲ ಎನ್ನುವುದು ನೆಪವಾಗದು, ಜನರಿಗೆ ನೈರ್ಮಲ್ಯ ಕೊಡಲೇಬೇಕು. ನಲವತ್ತೈದು ವರ್ಷ ದಾಟಿದರೂ ಪ್ರತಿ ಮೋರಿಗೂ ಒಪ್ಪುವ ತೀರ್ಪು!

ನಿದ್ದೆಯೂ ಮೂಲಭೂತ ಹಕ್ಕು ಎಂದರೆ ನಗುತ್ತೀರಾ? ನಿಜ ಸ್ವಾಮಿ! ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದವರ ಮೇಲೆ ನಡುರಾತ್ರಿ ಪೊಲೀಸ್ ಕಾರ್ಯಾಚರಣೆ ನಡೆಯಿತು. 2012ರ ತೀರ್ಪಿನಲ್ಲಿ ನಿದ್ದೆಯನ್ನು 21ನೇ ವಿಧಿಯೊಳಗೆ ಸೇರಿಸಲಾಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಇರುವುದೂ ಇದೇ ನೆಮ್ಮದಿಗಾಗಿ!

ನಡೆಯಲು ಫುಟ್‌ಪಾತ್ ಕೇಳುವುದೂ ಹಕ್ಕೇ! ಪಾದಚಾರಿಗೆ ಸುರಕ್ಷಿತ ದಾರಿ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಪೇಟೆ ಬೀದಿಯಲ್ಲಿ ಲಾರಿ, ಬೈಕುಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಡೆಯುವ ಅಜ್ಜಿಗೂ ಇದು ಗೊತ್ತಾಗಲಿ!

ಶಾಲೆ, ಊಟ, ಔಷಧಿ

ಶಿಕ್ಷಣದ ಹಕ್ಕಿನ ದೊಡ್ಡ ಕೇಸು ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ತುಮಕೂರಿನಲ್ಲಿ! ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿಯೊಬ್ಬರು ತುಮಕೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಬಯಸಿದ್ದರು. ಹೊರರಾಜ್ಯದವರಿಗೆ ವರ್ಷಕ್ಕೆ 60,000 ರೂಪಾಯಿ ಶುಲ್ಕ. ಅದನ್ನು ಪ್ರಶ್ನಿಸಿದ್ದೇ ಮೋಹಿನಿ ಜೈನ್ ಪ್ರಕರಣ. 1992ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣವಿಲ್ಲದೆ ಘನತೆಯ ಬದುಕಿಲ್ಲ, ಅದು ಮೂಲಭೂತ ಹಕ್ಕು ಎಂದಿತು. ಆದರೆ ಆಕೆಗೆ ಸೀಟು ಕೊಡಿಸುವ ಆದೇಶ ಬರಲಿಲ್ಲ. ಫಲ ಉಂಡವರು ಮುಂದಿನ ತಲೆಮಾರಿನ ಮಕ್ಕಳು!

ಮರುವರ್ಷವೇ ಇನ್ನೊಂದು ತೀರ್ಪು ಬಂದು ಈ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಗಟ್ಟಿ ಮಾಡಿತು. 2002ರಲ್ಲಿ ಸಂವಿಧಾನಕ್ಕೇ 21ಎ ವಿಧಿ ಸೇರಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿ. ಐದನೇ ತರಗತಿವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಎಂಟನೇ ತರಗತಿವರೆಗೆ ಮೂರು ಕಿಲೋಮೀಟರ್ ಒಳಗೆ. ನಿಮ್ಮೂರಿನ ಶಾಲೆ ಎಷ್ಟು ದೂರ? ಅಳೆದು ನೋಡಿ!

ಶಾಲೆಯ ಬಿಸಿಯೂಟದ ಹಿಂದೆಯೂ ಕೋರ್ಟಿದೆ! 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ರಾಜ್ಯಗಳಿಗೆ ಆದೇಶ ಮಾಡಿತು. ನಮ್ಮ ಅಕ್ಷರ ದಾಸೋಹ ಶುರುವಾದದ್ದು ಅದರ ಬೆನ್ನಲ್ಲೇ.

ರೇಷನ್ ಬಾರದಿದ್ದರೆ ಏನು ಮಾಡಬೇಕು? 2013ರ ಆಹಾರ ಭದ್ರತಾ ಕಾಯ್ದೆ ಓದಿ. ಕೊಡಬೇಕಾದ ಧಾನ್ಯ ಕೊಡದೆ ಹೋದರೆ ಸರ್ಕಾರ ಅದರ ಬದಲು ಭತ್ಯೆ ಕೊಡಬೇಕು ಎಂದು ಅದರಲ್ಲೇ ಬರೆದಿದೆ!

ಅಪಘಾತವಾದವರನ್ನು 'ಇದು ಪೊಲೀಸ್ ಕೇಸು, ಬೇರೆ ಕಡೆ ಹೋಗಿ' ಎಂದು ಆಸ್ಪತ್ರೆ ಕಳಿಸಬಹುದೇ? ಖಂಡಿತ ಇಲ್ಲ! 1989ರ ಪರಮಾನಂದ ಕಟಾರ ತೀರ್ಪು ಹೇಳಿತು: ಸರ್ಕಾರಿ ಇರಲಿ, ಖಾಸಗಿ ಇರಲಿ, ವೈದ್ಯರು ಮೊದಲು ಜೀವ ಉಳಿಸಬೇಕು. ಕಾಗದಪತ್ರ ಆಮೇಲೆ!

ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೂಲಿಕಾರ್ಮಿಕರೊಬ್ಬರನ್ನು ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲ ಎಂದು ಒಂದರ ಹಿಂದೊಂದು ವಾಪಸು ಕಳಿಸಿದವು. 1996ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ಹಾಸಿಗೆ ಒದಗಿಸುವ ಹೊಣೆ ಸರ್ಕಾರದ್ದೇ!

ಗಡಿಯ ಪಾವಗಡಕ್ಕೆ ಕಣ್ಣು ಕೊಟ್ಟವರು ಯಾರು? ಸ್ವಾಮಿ ಜಪಾನಂದರ ಸ್ವಾಮಿ ವಿವೇಕಾನಂದ ಗ್ರಾಮೀಣ ಆರೋಗ್ಯ ಕೇಂದ್ರ ಅಲ್ಲಿ ಕುಷ್ಠರೋಗಿಗಳ, ಕ್ಷಯರೋಗಿಗಳ ಸೇವೆ ಮಾಡಿಕೊಂಡು ಬಂದಿದೆ. ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯೂ ಅದೇ ಊರಿನಲ್ಲಿದೆ. ಕಣ್ಣಿನ ಪೊರೆಗೆ ಚಿಕಿತ್ಸೆ ಬೇಕೆಂದು ದೂರದ ಶಹರ ಹುಡುಕಬೇಕಾಗಿಲ್ಲ!

ಹುಣಸೆ ಮರದ ಬಾಣಂತನ

ಹಳ್ಳಿಯ ಹುಣಸೆ ಮರಗಳೇ ಹೆರಿಗೆ ಮನೆ! ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ನೋಡಿ. ಮನೆಗಳ ನಡುವಿನ ಮರಗಳಲ್ಲಿ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಕಾಯುವವರು ಊರಿನವರೇ!

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಚಿಮ್ಮುತ್ತವೆ. 798 ಎಕರೆಯ ಈ ಜಾಗ 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ. ಶಿರಾದ ಬುಕ್ಕಾಪಟ್ಟಣ ಚಿಂಕಾರಗಳ ಅಭಯಾರಣ್ಯವಾದದ್ದು 2019ರಲ್ಲಿ. ಬರಡು ಎನ್ನುವವರ ಬಾಯಿ ಮುಚ್ಚಿಸುವ ಸೀಮೆ!

ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಆಸ್ಪತ್ರೆ ಕಟ್ಟಿದರೆ ಒಳ್ಳೆಯದೇ ತಾನೆ? ಬೆಂಗಳೂರಿನ ಬಡಾವಣೆಯೊಂದರ ಜನ ಒಪ್ಪಲಿಲ್ಲ. ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಜನರ ಮಾತನ್ನೇ ಎತ್ತಿಹಿಡಿಯಿತು. ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡುವಂತಿಲ್ಲ ಎಂದಿತು. ಮಕ್ಕಳು ಆಡುವ ಬಯಲೂ ಆರೋಗ್ಯವೇ!

ಹೊರಗಣ ಜಗತ್ತು, ಒಂದೇ ಉಸಿರಿಗೆ

ದೇಶದ ಶೇ 60ರಷ್ಟು ನೆಲ ಎಂದೆಂದೂ ಕಾಡಾಗಿಯೇ ಇರಬೇಕು ಎಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ಭೂತಾನ್! ಸರ್ಕಾರ ದೇಶದ ಒಟ್ಟು ಸಂತೋಷಕ್ಕೆ ಶ್ರಮಿಸಬೇಕು ಎಂಬ ಮಾತೂ 2008ರ ಆ ಸಂವಿಧಾನದಲ್ಲಿದೆ.

ಫಿನ್ಲೆಂಡ್ 2010ರಲ್ಲೇ ಇಂಟರ್‌ನೆಟ್ ಸಂಪರ್ಕವನ್ನು ಕಾನೂನಿನ ಹಕ್ಕಾಗಿಸಿತು. ಸ್ಲೊವೇನಿಯಾ 2016ರಲ್ಲಿ ಕುಡಿಯುವ ನೀರಿನ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿತು. ಪುಟ್ಟ ದೇಶ, ದೊಡ್ಡ ಮನಸ್ಸು!

ಕೇಳುವ ದಾರಿಗಳು

ತಾಲ್ಲೂಕಿನ ಅಹವಾಲು ಹೊತ್ತು ಮೈಸೂರಿಗೆ ಹೋಗುವ ಪದ್ಧತಿ 1881ರಲ್ಲೇ ಇತ್ತು! ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ಅದು. ಮೊದಲ ಸಭೆಗೆ ಬಂದವರು 144 ಸದಸ್ಯರು. ದಸರಾ ವೇಳೆಯಲ್ಲಿ ರೈತರು, ವರ್ತಕರು ದಿವಾನರ ಮುಂದೆ ನಿಂತು ಊರಿನ ಕಷ್ಟ ಹೇಳುತ್ತಿದ್ದರು. ಕೇಳುವ ಅಭ್ಯಾಸ ನಮಗೆ ಹೊಸದೇನಲ್ಲ!

ಸರ್ಟಿಫಿಕೇಟ್ ತಡವಾದರೆ ಅಧಿಕಾರಿಯ ಸಂಬಳದಿಂದ ಹಣ ಕಡಿತ! ಇದು ಕರ್ನಾಟಕದ ಸಕಾಲ ಕಾಯ್ದೆ. 2012ರ ಏಪ್ರಿಲ್‌ನಿಂದ ರಾಜ್ಯವಿಡೀ ಜಾರಿ. ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರರಿಗೆ. ಅದಕ್ಕೇ ಸ್ವೀಕೃತಿಯ ಮೇಲಿರುವ ಸಕಾಲ ಸಂಖ್ಯೆಯನ್ನು ಜೋಪಾನ ಮಾಡಿ!

ಹತ್ತು ರೂಪಾಯಿಗೆ ಇಡೀ ಕಚೇರಿಯ ಕಡತ ತೆರೆಸಬಹುದು! ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ? 48 ಗಂಟೆಯೊಳಗೆ! ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಬೇಡ.

ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳೆಂದು ಸಂವಿಧಾನದ 11ನೇ ಅನುಸೂಚಿ ಎಷ್ಟನ್ನು ಪಟ್ಟಿ ಮಾಡಿದೆ? 29! ಕುಡಿಯುವ ನೀರು, ರಸ್ತೆ, ಆರೋಗ್ಯ ಇವೆ. ಗ್ರಂಥಾಲಯವೂ ಇದೆ, ಸಂತೆ–ಜಾತ್ರೆಯೂ ಇದೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನೀರಿನ ಕಷ್ಟ ಬಲ್ಲವರೇ ನೀರಿನ ತೀರ್ಮಾನ ಮಾಡುವಂತಾಯಿತು!

ಗ್ರಾಮಸಭೆಗೆ ಹೋಗಲು ಸದಸ್ಯರೇ ಆಗಿರಬೇಕು ಅಂದುಕೊಂಡಿದ್ದೀರಾ? ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮಸಭೆಯೇ! ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ನಿಮ್ಮ ಓಣಿಯ ಚರಂಡಿ, ನಲ್ಲಿ, ದೀಪದ ಮಾತು ಎತ್ತಿ. ಎತ್ತಿದ್ದು ನಡಾವಳಿ ಪುಸ್ತಕದಲ್ಲಿ ಬರುವಂತೆ ನೋಡಿಕೊಳ್ಳಿ. ಬರೆದ ಮಾತಿಗೆ ಕಚೇರಿ ಉತ್ತರ ಕೊಡಲೇಬೇಕಾಗುತ್ತದೆ!

ವಕೀಲರ ಫೀಸಿಗೆ ಹಣವಿಲ್ಲವೇ? ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು ಇಲ್ಲಿ ಉಚಿತ ವಕೀಲರನ್ನು ಪಡೆಯಬಹುದು. ಇವರಿಗೆ ಆದಾಯದ ಮಿತಿಯೇ ಇಲ್ಲ! 1987ರ ಕಾಯ್ದೆ ಕೊಟ್ಟ ಸವಲತ್ತು ಇದು. ಸಹಾಯವಾಣಿ 15100. ಈ ಐದು ಅಂಕಿಗಳನ್ನು ನಿಮ್ಮ ಫೋನಿನಲ್ಲಿ ಇವತ್ತೇ ಸೇರಿಸಿಕೊಳ್ಳಿ, ಪಕ್ಕದ ಮನೆಯವರಿಗೂ ಹೇಳಿಕೊಡಿ!